ಮೆತ್ತಿನ ಮೇಲೆ ಆಫೀಸ್ ಫೋನು

ಜೂನ್, ಮೊದಲ ಶನಿವಾರ

ಬೆಂಗಳೂರಿನ ಆಫೀಸಿನಲ್ಲಿ ನನ್ನ ಮೇಜಿನ ಮೇಲಿದ್ದ, ನೆಟ್‌ವರ್ಕ್ ಮೂಲಕ ಮಾತಾಡುವ ಐಪಿ ಫೋನನ್ನು, ಐಟಿಯವರ ಒಪ್ಪಿಗೆ ತಗೊಂಡು, ಊರಿಗೆ ತಂದಿದ್ದೇನೆ. ಶಿರಸಿಯಿಂದ ಒಳಗೆ, ಅಡಿಕೆ ತೋಟದ ತಗ್ಗಿನಲ್ಲಿ ನಮ್ಮ ಮನೆ. ಮೊಬೈಲ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಫೈಬರ್ ಇಂಟರ್ನೆಟ್ ಮಾತ್ರ ಚೆನ್ನಾಗಿದೆ. ಮಳೆ ಜೋರಾಗುವ ಮೊದಲು ಈ ಫೋನು ಮೆತ್ತಿನ ಮೇಲೆ, ಅಂದ್ರೆ ಮಹಡಿಯಲ್ಲಿ, ರಿಂಗ್ ಆಗಬೇಕು ಅನ್ನೋದು ನನ್ನ ಆಸೆ.

ಮೊದಲ ದಿನ ಫೋನಿಗೆ ಜೀವವೇ ಬರಲಿಲ್ಲ. ಇದಕ್ಕೆ ಅಡಾಪ್ಟರ್ ಇಲ್ಲ. ಆಫೀಸಿನಲ್ಲಿ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟೂ ಬರುತ್ತಿತ್ತು. ಅದಕ್ಕೆ ಪಿಒಇ ಅಂತಾರೆ. ಮನೆಯ ಮೋಡೆಮ್ಮಿನಿಂದ ಅದು ಬರುವುದಿಲ್ಲ. ಕೇಬಲ್ಲಿಗೆ ಕರೆಂಟು ಸೇರಿಸುವ 48 ವೋಲ್ಟಿನ ಪಿಒಇ ಇಂಜೆಕ್ಟರ್ ಆರ್ಡರ್ ಮಾಡಿದೆ.

ಮುಂದಿನ ಶನಿವಾರ

ಇಂಜೆಕ್ಟರ್ ಬಂತು. ಫೋನ್ ಆನ್ ಆಯ್ತು, ಆದರೆ ಕರೆಗಳನ್ನು ಜೋಡಿಸುವ ಸರ್ವರ್ ಸಿಗಲಿಲ್ಲ. ಸಿಗುವುದೂ ಇಲ್ಲ. ಆಫೀಸಿನ ಸರ್ವರಿಗೆ ಇರುವುದು 10ರಿಂದ ಶುರುವಾಗುವ ಒಳಗಿನ ವಿಳಾಸ. ವಿಪಿಎನ್, ಅಂದ್ರೆ ಇಂಟರ್ನೆಟ್ಟಿನೊಳಗೇ ಆಫೀಸಿನ ತನಕ ಹೋಗುವ ಗುಟ್ಟಿನ ಸುರಂಗ, ಇಲ್ಲದೆ ಅಲ್ಲಿಗೆ ದಾರಿಯೇ ಇಲ್ಲ.

ಫೋನಿನಲ್ಲಿ ಓಪನ್‌ವಿಪಿಎನ್ ಇದೆ. ಐಟಿಯವರು ಕೊಡುವುದು ವೈರ್‌ಗಾರ್ಡ್, ಇನ್ನೊಂದು ಬಗೆಯ ವಿಪಿಎನ್. ಅದು ಫೋನಿಗೆ ಗೊತ್ತಿಲ್ಲ. ಹಾಗಾಗಿ ಮೋಡೆಮ್ಮಿಗೂ ಇಂಜೆಕ್ಟರಿಗೂ ನಡುವೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ತಂತ್ರಾಂಶ ಹಾಕಿದ ಪುಟ್ಟ ರೂಟರ್ ಇಟ್ಟೆ. ವೈರ್‌ಗಾರ್ಡ್ ಕೆಲಸ ಪೂರ್ತಿ ಅದರದ್ದು. ಫೋನಿಗೆ ತಾನು ಆಫೀಸಿನಿಂದ ದೂರ ಇದ್ದೇನೆ ಅಂತಲೂ ಗೊತ್ತಾಗುವುದಿಲ್ಲ. ನನಗೆ ಈ ದಾರಿಯೇ ಜಾಸ್ತಿ ಇಷ್ಟ. ನಾಳೆ ಫೋನ್ ಬದಲಾದರೂ ವಿಪಿಎನ್ ಮುಟ್ಟಬೇಕಾಗಿಲ್ಲ.

ನಮ್ಮ ಮೋಡೆಮ್ಮಿಗೆ ಸಿಕ್ಕಿರುವುದು 100.64ರಿಂದ ಶುರುವಾಗುವ ವಿಳಾಸ. ಎಷ್ಟೋ ಮನೆಗಳು ಒಂದೇ ಹೊರ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ ಇದು. ಹೊರಗಿನವರು ನಮ್ಮ ಮನೆಯ ಬಾಗಿಲು ತಟ್ಟಲು ಆಗುವುದಿಲ್ಲ, ನಾವು ಹೊರಗೆ ಹೋಗಬಹುದು. ವೈರ್‌ಗಾರ್ಡಿಗೆ ಅಷ್ಟು ಸಾಕು.

ಸಂಜೆ ಪರದೆಯ ಮೇಲೆ ‘ರಿಜಿಸ್ಟರ್ಡ್’ ಅಂತ ಬಂತು. ಖುಷಿಯಿಂದ ಆಫೀಸಿನ ಗೆಳೆಯನಿಗೆ ಫೋನ್ ಮಾಡಿದೆ. ನನ್ನ ಮಾತು ಅವನಿಗೆ ಕೇಳುತ್ತಿದೆ. ಅವನದ್ದು ನನಗೆ ಒಂದಕ್ಷರ ಇಲ್ಲ.

ಭಾನುವಾರ, ಇಡೀ ದಿನ

ಇಂಥ ತೊಂದರೆಗೆ ಎಲ್ಲರೂ ಹೇಳುವ ಮದ್ದು ಒಂದೇ, ಮೋಡೆಮ್ಮಿನ ಎಸ್‌ಐಪಿ ಎಎಲ್‌ಜಿ (ಕರೆಯ ಸಂದೇಶದೊಳಗಿನ ವಿಳಾಸ ತಿದ್ದುವ ಸೌಲಭ್ಯ) ಆಫ್ ಮಾಡಿ ಅಂತ. ಮಾಡಿದೆ. ಏನೂ ಆಗಲಿಲ್ಲ. ಆಮೇಲೆ ಹೊಳೆಯಿತು. ಎಲ್ಲಾ ಮಾತುಕತೆ ವಿಪಿಎನ್ ಒಳಗೆ ಗುಟ್ಟಾಗಿ ಹೋಗುತ್ತಿದೆ. ಮೋಡೆಮ್ಮಿಗೆ ಅದರೊಳಗೆ ಏನಿದೆ ಅಂತ ಕಾಣುವುದೇ ಇಲ್ಲ, ಕೆಡಿಸುವುದಾದರೂ ಹೇಗೆ?

ಪುಟ್ಟ ರೂಟರಿನಲ್ಲಿ, ಹಾದುಹೋಗುವ ಸಂದೇಶಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ ನೋಡಿದೆ. ಅಲ್ಲಿತ್ತು ಉತ್ತರ. ಕರೆ ಶುರುವಾಗುವಾಗ ಫೋನು ‘ಧ್ವನಿಯನ್ನು ಈ ವಿಳಾಸಕ್ಕೆ ಕಳಿಸಿ’ ಅಂತ ಪತ್ರದ ಒಳಗೆ ಬರೆಯುತ್ತದೆ. ಅದು ಬರೆದದ್ದು ಮನೆಯ ಒಳಗಿನ 192.168 ವಿಳಾಸ. ರೂಟರು ಲಕೋಟೆಯ ಮೇಲಿನ ವಿಳಾಸವನ್ನಷ್ಟೇ ಬದಲಿಸುತ್ತಿತ್ತು, ಒಳಗಿನ ಪತ್ರವನ್ನು ಮುಟ್ಟುತ್ತಿರಲಿಲ್ಲ. ಆಫೀಸಿನ ಸರ್ವರ್ ಪಾಪ, ಒಳಗೆ ಬರೆದ ವಿಳಾಸಕ್ಕೇ ಧ್ವನಿ ಕಳಿಸುತ್ತಿತ್ತು. ಅಲ್ಲಿಂದ ಆ ವಿಳಾಸಕ್ಕೆ ದಾರಿ ಇಲ್ಲ.

ವಿಳಾಸ ಬದಲಿಸುವ ಈ ಕೆಲಸಕ್ಕೆ ಮಾಸ್ಕರೇಡಿಂಗ್ ಅಂತ ಹೆಸರು. ವಿಪಿಎನ್ ಕಡೆಗೆ ಅದನ್ನು ನಿಲ್ಲಿಸಿದೆ. ನಮ್ಮ ಮನೆಯ ಆ ಪುಟ್ಟ ನೆಟ್‌ವರ್ಕನ್ನು ಅವರ ಕಡೆಯ ವೈರ್‌ಗಾರ್ಡಿನ ‘ಅಲೌಡ್ ಐಪಿ’ (ಒಪ್ಪಿದ ವಿಳಾಸಗಳ) ಪಟ್ಟಿಗೆ ಸೇರಿಸಿ, ದಾರಿ ಬರೆಯಲು ಐಟಿಯವರಿಗೆ ಕೇಳಿದೆ. ಸೋಮವಾರ ಬೆಳಿಗ್ಗೆ ಅವರು ಸೇರಿಸಿದರು. ಎರಡೂ ಕಡೆ ಧ್ವನಿ ಬಂತು! ಗೆಳೆಯ ಮಾತಾಡಿದ ಮೊದಲ ಮಾತು, ‘ಹಿಂದೆ ಏನದು ಸದ್ದು, ಮಳೆಯಾ?’ ಹೌದು, ಹೆಂಚಿನ ಮೇಲೆ ಮಳೆ.

ಬುಧವಾರ

ಹೊಸ ತೊಂದರೆ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಒಳಬರುವ ಕರೆ ಬರುತ್ತಿರಲಿಲ್ಲ. ನಾನು ಒಮ್ಮೆ ಡಯಲ್ ಮಾಡಿದರೆ ಮತ್ತೆ ಸರಿ. ಮಾತಿಲ್ಲದೆ ಕೂತರೆ ನಡುವಿನ ಮೋಡೆಮ್ಮು ವಾಪಸ್ ಬರುವ ದಾರಿಯನ್ನು ಮರೆತುಬಿಡುತ್ತದೆ. ವೈರ್‌ಗಾರ್ಡಿನ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ 25 ಸೆಕೆಂಡ್ ಇಟ್ಟೆ, ಅಷ್ಟಷ್ಟು ಹೊತ್ತಿಗೆ ಅದು ಒಂದು ಖಾಲಿ ಸಂದೇಶ ಕಳಿಸಿ ದಾರಿ ನೆನಪಿಸುತ್ತದೆ. ಆಮೇಲೆ ಒಂದು ಕರೆಯೂ ತಪ್ಪಲಿಲ್ಲ.

ಜೂನ್ ಕೊನೆ

ಒಂದು ಲೆಕ್ಕ ಮಾಡಿದೆ, ನನಗೆ ಬಹಳ ಹಿಡಿಸಿತು. ಜಿ.711 ಕೋಡೆಕ್‌ನಲ್ಲಿ, ಅಂದ್ರೆ ಧ್ವನಿಯನ್ನು ಅಂಕಿಗಳಾಗಿಸುವ ಒಂದು ವಿಧಾನದಲ್ಲಿ, ಧ್ವನಿ ಸೆಕೆಂಡಿಗೆ 64 ಕಿಲೋಬಿಟ್. ಅದು ಸೆಕೆಂಡಿಗೆ 50 ಪೊಟ್ಟಣವಾಗಿ ಹೋಗುತ್ತದೆ. ಪ್ರತಿ ಪೊಟ್ಟಣಕ್ಕೂ ವಿಳಾಸದ ಚೀಟಿ, ಅದರ ಮೇಲೆ ವೈರ್‌ಗಾರ್ಡಿನ ಹೊದಿಕೆ. ಎಲ್ಲಾ ಸೇರಿ ಸುಮಾರು 107 ಕಿಲೋಬಿಟ್. ಇನ್ನೊಂದು ಕೋಡೆಕ್ ಜಿ.729ರಲ್ಲಿ ಧ್ವನಿ ಬರೀ 8, ಆದರೆ ಸಾಗುವುದು ಸುಮಾರು 50. ಒಂದು ಸಣ್ಣ ಭರಣಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬೆಂಗಳೂರಿಗೆ ಕಳಿಸುವಾಗ ಡಬ್ಬ, ಹುಲ್ಲು, ಗೋಣಿಯ ತೂಕವೇ ಜಾಸ್ತಿ ಆಗುತ್ತದಲ್ವಾ, ಹಾಗೆ. ಫೈಬರಿಗೆ 107 ಏನೂ ಅಲ್ಲ. ಧ್ವನಿ ಚೆನ್ನಾಗಿರುವ ಜಿ.711 ಅನ್ನೇ ಉಳಿಸಿಕೊಂಡೆ.

ಜುಲೈ ಮೊದಲ ವಾರ

ರಾತ್ರಿಯಿಡೀ ಗಾಳಿಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ಮೋಡೆಮ್, ರೂಟರ್, ಇಂಜೆಕ್ಟರ್ ಮೂರನ್ನೂ ಕೆಳಗೆ ಇನ್ವರ್ಟರ್ ಪಕ್ಕ ಇಟ್ಟಿದ್ದೆ. ಫೋನಿಗೆ ಅದೇ ಕೇಬಲ್ಲಿನಲ್ಲಿ ಮೇಲಿನ ತನಕ ಕರೆಂಟು ಹೋಗುತ್ತದೆ. ಪಿಒಇಯ ಬೆಲೆ ನನಗೆ ಅವತ್ತು ಗೊತ್ತಾಯ್ತು. ಹತ್ತು ಗಂಟೆಗೆ ಆಯಿ ಅಡುಗೆಮನೆಯಿಂದ ಕೂಗಿದಳು, ‘ತಮಾ, ಮೆತ್ತಿನ ಮೇಲೆ ಫೋನ್ ಹೊಡ್ಕತ್ತಾ ಇದ್ದು!’ ಓಡಿ ಹೋಗಿ ಎತ್ತಿದೆ. ಅರ್ಧ ಗಂಟೆಯ ಮೀಟಿಂಗ್ ಒಮ್ಮೆಯೂ ಕಡಿಯಲಿಲ್ಲ.

ಫೋನಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ‘ಇದು ಆಫೀಸಿನ ಒಳ ಕರೆಗೆ ಮಾತ್ರ. 112ಕ್ಕೆ ಇದರಿಂದ ಫೋನ್ ಹೋಗುವುದಿಲ್ಲ.’ ಆಯಿಗೂ ಅಪ್ಪಯ್ಯನಿಗೂ ಓದಿ ಹೇಳಿದೆ. ಸಿಡಿಲು ಬರುವಾಗ ಯಾವ ಪ್ಲಗ್ ತೆಗೆಯಬೇಕು ಅಂತಲೂ ತೋರಿಸಿಕೊಟ್ಟೆ. ಮೆಟ್ಟಿಲಿನ ಪಕ್ಕ ಜೋತಾಡುವ ಕೇಬಲ್ಲಿಗೆ ಪಟ್ಟಿ ಹೊಡೆಯುವುದು ಬಾಕಿ ಇದೆ. ಮಳೆ ಬಿಟ್ಟ ಮೇಲೆ ಅದು.