ಎರಡು ಆಸಿಲೇಟರ್ ಜೋಡಿಸಿದರೆ ಎರಡೂ ಗಪ್‌ಚುಪ್

ಬ್ರೆಡ್‌ಬೋರ್ಡ್ ಮೇಲೆ ಎರಡು ವೀನ್ ಬ್ರಿಜ್ ಆಸಿಲೇಟರ್ (ತಾನಾಗಿಯೇ ಒಂದೇ ಸ್ವರದ ಅಲೆ ಎಬ್ಬಿಸುವ ಸರ್ಕ್ಯೂಟ್) ಈಗ ಚೆನ್ನಾಗಿ ಓಡುತ್ತಿವೆ. ಎರಡು ಆಪ್ ಆಂಪ್ (ಸಿಗ್ನಲ್ ಹಿಗ್ಗಿಸುವ ಆಂಪ್ಲಿಫಯರ್) ಇರುವ ಒಂದೇ ಟಿಎಲ್072 ಚಿಪ್, ಎರಡು 9 ವೋಲ್ಟ್ ಬ್ಯಾಟರಿ. ಬ್ರಿಜ್‌ನ ರೆಸಿಸ್ಟರ್ ಎಲ್ಲವೂ 10 ಕಿಲೋ ಓಮ್. ಒಂದಕ್ಕೆ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಇನ್ನೊಂದಕ್ಕೆ 68. ಲೆಕ್ಕದ ಪ್ರಕಾರ 159 ಮತ್ತು 234 ಹರ್ಟ್ಜ್. ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು, 3ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ, ಅಲೆ ಹದ್ದು ಮೀರದಂತೆ ಫೀಡ್‌ಬ್ಯಾಕ್‌ನಲ್ಲಿ ಡಯೋಡ್. 500 ಕೆ (ಕಿಲೋ ಓಮ್) ಪಾಟ್, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್, ಧಾರವಾಡದಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ತಂದೆ.

ಆ ಪಾಟ್‌ನದೇ ಆಟ. ಎರಡೂ ಆಪ್ ಆಂಪ್‌ಗಳ ಪ್ಲಸ್ ಇನ್‌ಪುಟ್ ಕಾಲುಗಳ ನಡುವೆ ಹಾಕಿ, ನಿಧಾನಕ್ಕೆ ತಿರುಗಿಸಿದೆ. 100 ಕೆ ಹತ್ತಿರ ಬಂದಾಗ ಸ್ಪೀಕರ್ ಪೂರ್ತಿ ಸುಮ್ಮನಾಯಿತು. ಮೇಲಿನ ಮನೆ ಕಾಕಾ ಇಣುಕಿದರು: "ಯಾಕ ತಮ್ಮಾ, ಸುಟ್ಟು ಹೋತೇನು?" ಪಾಟ್‌ನ ವೈರ್ ಕಿತ್ತು ತೋರಿಸಿದೆ. ಎರಡೂ ಮತ್ತೆ ಗುಂಯ್ ಎಂದವು.

ಇದಕ್ಕೆ ಆಂಪ್ಲಿಟ್ಯೂಡ್ ಡೆತ್ ಅಂತಾರೆ, ಅಂದರೆ ಅಲೆಯ ಎತ್ತರವೇ ಸತ್ತು ಹೋಗುವುದು. ಅಕ್ಕಪಕ್ಕದ ಆರ್ಗನ್ ವಾದ್ಯದ ಕೊಳವೆಗಳು ಒಂದರ ದನಿ ಇನ್ನೊಂದು ಅಡಗಿಸುವುದನ್ನು 19ನೇ ಶತಮಾನದಲ್ಲೇ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಬರೆದಿಟ್ಟಿದ್ದಾರೆ. ನನ್ನ ಸರ್ಕ್ಯೂಟ್‌ನಲ್ಲಿ ಕಾರಣ ಸರಳ. ಎರಡೂ ಕಡೆ ವೋಲ್ಟೇಜ್ ಬೇರೆ ಇದ್ದಾಗ ಮಾತ್ರ ಪಾಟ್‌ನಲ್ಲಿ ಕರೆಂಟ್ ಹರಿದು ಶಕ್ತಿ ಸುಡುತ್ತದೆ. ವೇಗ ಬೇರೆ ಬೇರೆ ಆದ್ದರಿಂದ ಇವು ಹೆಜ್ಜೆ ಕೂಡಿಸಲಾರವು, ಸುಡುವುದು ನಿಲ್ಲುವುದಿಲ್ಲ. ಗೇನ್ ತುಂಬುವುದಕ್ಕಿಂತ ಸುಡುವುದೇ ಹೆಚ್ಚಾದರೆ ಎರಡೂ ಸೊನ್ನೆಗೆ ಇಳಿಯುತ್ತವೆ. ಮೊದಲು ಆ ಸೊನ್ನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಸಣ್ಣ ನಾಯ್ಸ್ ಸಾಕು, ಅಲೆ ಏಳುತ್ತಿತ್ತು. ಈಗ ಬೆರಳಿನಿಂದ ಮುಟ್ಟಿ ಕೆಣಕಿದರೂ ವಾಪಸ್ ಅಲ್ಲಿಗೇ ಬರುತ್ತದೆ.

ನನಗೆ ಜಾಸ್ತಿ ಮಜಾ ಕೊಟ್ಟದ್ದು ಇದರ ಮುಂದಿನ ಭಾಗ. ಪಾಟ್ ಇನ್ನೂ ಇಳಿಸಿ ಜೋಡಣೆ ಬಿಗಿ ಮಾಡಿದರೆ ಪೂರ್ತಿ ಸಾಯಬೇಕು ಅನ್ನಿಸುತ್ತದೆ, ಅಲ್ವಾ? ಇಲ್ಲ, ಸದ್ದು ಮರಳುತ್ತದೆ! ಈಗ ಎರಡಕ್ಕೂ ಒಂದೇ ಸ್ವರ, ಎರಡರ ನಡುವಿನದು. ಬಿಗಿ ಹಿಡಿತ ಇಬ್ಬರನ್ನೂ ಒಂದೇ ಲಯಕ್ಕೆ ಎಳೆದಾಗ ವೋಲ್ಟೇಜ್ ವ್ಯತ್ಯಾಸ ಕುಗ್ಗುತ್ತದೆ, ಪಾಟ್‌ಗೆ ಸುಡಲು ಹೆಚ್ಚೇನೂ ಉಳಿಯುವುದಿಲ್ಲ. ವೇಗ ಒಂದೇ ಆಗಲಿ ಅಂತ ಎರಡಕ್ಕೂ 100 ನ್ಯಾನೋ ಹಾಕಿ ನೋಡಿದೆ. ಹೇಗೆ ತಿರುಗಿಸಿದರೂ ಸುಮ್ಮನಾಗಲಿಲ್ಲ.

ಆದರೆ ಜೋಡಣೆಯಲ್ಲಿ ಸಿಗ್ನಲ್ ತಲುಪುವುದು ತಡ ಆದರೆ ಒಂದೇ ವೇಗದವೂ ಸಾಯಬಲ್ಲವು. 1998ರಲ್ಲಿ ಇದನ್ನು ತೋರಿಸಿದವರಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ರಾಮನ ರೆಡ್ಡಿ, ಅಭಿಜಿತ್ ಸೇನ್ ಇದ್ದಾರೆ. ಮುಂದಿನ ಕೆಲಸ ಅದೇ. ಸಿಗ್ನಲ್ ಅನ್ನು ಇಎಸ್‌ಪಿ32 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಮೂಲಕ ಹಾಯಿಸಿ ತಡ ಮಾಡಬೇಕು. ಅಲೆಯ ಕಾಲು ಸುತ್ತಿನಷ್ಟು ತಡದಿಂದ ಶುರು ಮಾಡುತ್ತೇನೆ. 159 ಹರ್ಟ್ಜ್‌ಗೆ ಅದು ಸುಮಾರು 1.6 ಮಿಲಿಸೆಕೆಂಡ್.