ಹೇಗೂ ಹೋಗುವ ಗಾಡಿ

ಮುಂಬೈಯ ಲೋಕಲ್ ರೈಲುಗಳನ್ನು ತಪಾಸಣೆ, ರಿಪೇರಿ ಮಾಡುವ ಒಂದು ಕಾರ್‌ಶೆಡ್‌ನಲ್ಲಿ ನಾನು ಇಪ್ಪತ್ತೆಂಟು ವರ್ಷ ದುಡಿದೆ. ಅದರಲ್ಲಿ ಕಡೆಯ ಹತ್ತು ಹನ್ನೆರಡು ವರ್ಷ ನನ್ನ ವಿಭಾಗದ ಪಾಲಿಗೆ ಬಂದವುಗಳಲ್ಲಿ ಹೆಚ್ಚಿನವು ಆಯುಷ್ಯ ತೀರುತ್ತ ಬಂದ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ) ಗಾಡಿಗಳು. ಹೊಸ ಗಾಡಿಯನ್ನು ಓಡಿಸುವ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಳೆಯದನ್ನು ಅದರ ಕೊನೆಯ ದಿನದವರೆಗೆ ಸುರಕ್ಷಿತವಾಗಿ ಓಡಿಸಿ ಆಮೇಲೆ ಲೆಕ್ಕದಿಂದ ತೆಗೆದುಹಾಕುವ ಕೆಲಸದ ಬಗ್ಗೆ ಬರೆದವರು ಕಡಿಮೆ. ಆ ಕೆಲಸದಲ್ಲಿ ನಾನೇ ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕಾಗಿದೆ.

ಮೊದಲು ಹಿನ್ನೆಲೆ. 1925ರ ಫೆಬ್ರವರಿ 3ರಂದು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದಾಗ ತಂತಿಯಲ್ಲಿದ್ದದ್ದು 1500 ವೋಲ್ಟ್ ಡಿ.ಸಿ. ಮುಂಬೈಯ ಲೋಕಲ್‌ಗಳು ಅದರಲ್ಲೇ ಎಂಟು ಒಂಬತ್ತು ದಶಕ ಓಡಿದವು. ಪಶ್ಚಿಮ ಮಾರ್ಗ 25,000 ವೋಲ್ಟ್ ಎ.ಸಿ.ಗೆ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತಿಗೆ) ಪೂರ್ತಿಯಾಗಿ ಬದಲಾದದ್ದು 2012ರಲ್ಲಿ, ಕೊನೆಯ ಡಿ.ಸಿ. ಲೋಕಲ್ 2016ರ ಏಪ್ರಿಲ್ 9ರ ರಾತ್ರಿ ಹಾರ್ಬರ್ ಮಾರ್ಗದಲ್ಲಿ ಕುರ್ಲಾದಿಂದ ಸಿ.ಎಸ್.ಟಿ.ಗೆ (ಹಿಂದಿನ ವಿಕ್ಟೋರಿಯಾ ಟರ್ಮಿನಸ್‌ಗೆ) ಓಡಿತು. ಕೆಲವು ಗಾಡಿಗಳಿಗೆ ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ಸಲಕರಣೆಗಳನ್ನು ಕೂಡಿಸಲಾಯಿತು. ಉಳಿದವು ತಂತಿ ಬದಲಾಗುವ ದಿನದವರೆಗೆ ಓಡಲೇಬೇಕಿತ್ತು, ಮರುದಿನದಿಂದ ಅವುಗಳಿಗೆ ಕೆಲಸವೇ ಇರಲಿಲ್ಲ. ಹೀಗಾಗಿ ಮೈ ಗಟ್ಟಿಯಿದ್ದ ಗಾಡಿಯೊಂದು ಎಲೆಕ್ಟ್ರಿಕಲ್ ಸಾಮಾನಿನ ಕಾರಣಕ್ಕೆ ಹೋಗುವುದು, ಮೈ ಕೊರೆದುಹೋದ ಇನ್ನೊಂದು ತಂತಿ ಬದಲಾಗದ ಕಾರಣಕ್ಕೆ ಉಳಿದುಕೊಳ್ಳುವುದು, ಎರಡನ್ನೂ ನಾವು ಒಂದೇ ಪಿಟ್ ಲೈನಿನಲ್ಲಿ (ಗಾಡಿಯ ಅಡಿಗೆ ಇಳಿದು ನೋಡಲು ಹಳಿಗಳ ನಡುವೆ ಹೊಂಡವಿರುವ ಜಾಗದಲ್ಲಿ) ನೋಡಿದ್ದೇವೆ.

ರೈಲ್ವೆಯ ಲೆಕ್ಕದಲ್ಲಿ ಇಂಥ ಒಂದು ಕೋಚಿನ ಕೋಡಲ್ ಲೈಫ್, ಅಂದರೆ ನಿಗದಿಯಾದ ಆಯುಷ್ಯ, 25 ವರ್ಷ. ಆದರೆ ಒಂದು ಗಾಡಿಗೆ ಒಂದೇ ವಯಸ್ಸು ಎಂಬುದು ಕಾಗದದ ಮಾತು. ಕನ್ನಡದಲ್ಲಿ ನಾವು ಇಡೀ ಡಬ್ಬಿಯನ್ನೇ ಬೋಗಿ ಎಂದುಬಿಡುತ್ತೇವೆ. ಶೆಡ್‌ನಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟು ಮಾತ್ರ. ಆ ಚೌಕಟ್ಟಿಗೆ ಒಂದು ವಯಸ್ಸು, ಅದರ ಚಕ್ರಗಳಿಗೆ ಇನ್ನೊಂದು, ಹಲವು ಬಾರಿ ಸುರುಳಿ ಸುತ್ತಿಸಿಕೊಂಡ ಮೋಟಾರಿಗೆ ಮತ್ತೊಂದು. ಮಳೆಯಲ್ಲಿ ಬ್ರೇಕ್ ಹಾಕಿದಾಗ ಜಾರಿದ ಚಕ್ರದ ಒಂದು ಕಡೆ ಚಪ್ಪಟೆಯಾಗಿ ಟಕ್ ಟಕ್ ಎಂದು ಬಡಿಯತೊಡಗಿದರೆ ಅದನ್ನು ಲೇತಿನಲ್ಲಿ ಸವರಿ ಮತ್ತೆ ಗುಂಡಗೆ ಮಾಡಬಹುದು, ಸವರಿ ಸವರಿ ತೆಳುವಾದಾಗ ಬೇರೆಯದನ್ನು ಹಾಕಬಹುದು. ಮೋಟಾರಿನ ಕಾರ್ಬನ್ ಬ್ರಷ್ ಸವೆದರೆ ಬದಲಾಯಿಸುವುದು ದಿನನಿತ್ಯದ ಕೆಲಸ. ಸುಲಭಕ್ಕೆ ಬದಲಾಯಿಸಲಾಗದ್ದು ಡಬ್ಬಿಯ ಮೈ, ಅದರಲ್ಲೂ ಬಾಗಿಲ ಬುಡ.

ಬಾಗಿಲ ಬುಡವನ್ನು ಸ್ವಲ್ಪ ವಿವರಿಸುತ್ತೇನೆ. ನಮ್ಮ ಗಾಡಿಗಳ ಬಾಗಿಲುಗಳು ಮುಚ್ಚುತ್ತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ನೇರವಾಗಿ ಒಳಗೆ ಬೀಳುತ್ತಿತ್ತು. ಅದಕ್ಕೆ ಪ್ರಯಾಣಿಕರ ಕೊಡೆಗಳ ನೀರು ಸೇರುತ್ತಿತ್ತು. ಮಳೆಗಾಲ ಮುಗಿದ ಮೇಲೂ ಡಬ್ಬಿ ತೊಳೆದ ನೀರು ಅಲ್ಲೇ ನಿಲ್ಲುತ್ತಿತ್ತು. ನೀರು ಹರಿದುಹೋಗಲು ಬಿಟ್ಟ ತೂತುಗಳಿಗೆ ಶೇಂಗಾ ಸಿಪ್ಪೆ, ಪಾನ್ ಉಗುಳಿದ ಕಸ ಗಡಿಯಾರದ ಕೀಲಿಯಂತೆ ಕರಾರುವಾಕ್ಕಾಗಿ ಹೋಗಿ ಕೂರುತ್ತಿದ್ದವು. ಖಾರಿಗಳ ದಂಡೆಯ ಉಪ್ಪುಗಾಳಿ ಬೇರೆ. ಮೇಲೆ ಕಾಣುವುದು ಪಿ.ವಿ.ಸಿ. ಹಾಸು, ಅದರಡಿಗೆ ಮರದ ಹಲಗೆ, ಅದರಡಿಗೆ ಉಕ್ಕಿನ ತಗಡು, ತಗಡನ್ನು ಹೊರುವ ಅಡ್ಡತೊಲೆಗಳು. ತುಕ್ಕು ಹಿಡಿಯುವುದು ಕೆಳಗಿನಿಂದ. ಹಾಸು ಹೊಳೆಯುತ್ತಿರುವಾಗಲೇ ತಗಡು ಮುಗಿದಿರುತ್ತದೆ. ಪ್ರತಿ ಪಿ.ಒ.ಎಚ್.ನಲ್ಲಿ (ನಿಗದಿತ ಅವಧಿಗೊಮ್ಮೆ ಮಾಡುವ ದೊಡ್ಡ ದುರಸ್ತಿಯಲ್ಲಿ) ಹೊಸ ಬಣ್ಣ ಬಳಿಯುವುದರಿಂದ ತುಕ್ಕು ನಿಲ್ಲುವುದಕ್ಕಿಂತ ಮುಚ್ಚಿಹೋಗುವುದೇ ಹೆಚ್ಚು ಎಂಬುದು ನನ್ನ ಅನುಭವ. ಈ ಮಾತಿಗೆ ಬಣ್ಣದ ವಿಭಾಗದ ಗೆಳೆಯರು ಇಂದಿಗೂ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ.

ಈಗ ನನ್ನ ತಪ್ಪು. ಒಂದು ರೇಕಿನ (ಒಟ್ಟಿಗೆ ಜೋಡಿಸಿದ ಡಬ್ಬಿಗಳ ಸಾಲಿನ) ಟ್ರೈಲರ್ ಕೋಚಿನಲ್ಲಿ, ಅಂದರೆ ಮೋಟಾರಿಲ್ಲದ ಡಬ್ಬಿಯಲ್ಲಿ, ಬಾಗಿಲ ಬಳಿಯ ಹಾಸು ತುಸು ಕುಸಿದಂತಿದೆ ಎಂದು ಪರೀಕ್ಷೆಯ ಕಾರ್ಡಿನಲ್ಲಿ ಬರೆದು ಬಂದಿತ್ತು. ಹಾಸು, ಹಲಗೆ ಎಲ್ಲ ಎತ್ತಿ ನೋಡಬೇಕಾದರೆ ಕೋಚು ಮೂರು ನಾಲ್ಕು ದಿನ ನಿಲ್ಲಬೇಕು. ಒಂದು ಕೋಚು ನಿಂತರೆ ಅದರ ಮೋಟಾರ್ ಕೋಚೂ ಜೊತೆಗಿನ ಇನ್ನೊಂದು ಟ್ರೈಲರೂ ಸೇರಿ ಇಡೀ ಯೂನಿಟ್ ನಿಲ್ಲುತ್ತದೆ. ಆ ರೇಕು ಆರು ತಿಂಗಳಲ್ಲಿ ಕಂಡೆಮ್ ಆಗುವ, ಅಂದರೆ ಸೇವೆಯಿಂದ ತೆಗೆದುಹಾಕುವ, ಪಟ್ಟಿಯಲ್ಲಿತ್ತು. ನಾನು ಮೇಲಿಂದ ಒಂದು ತೇಪೆ ಹಾಕಿಸಿ, ‘ಗಾಡಿ ನಿವೃತ್ತಿಯ ಹಂತದಲ್ಲಿದೆ, ಹಾಸು ಎತ್ತುವ ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಿದೆ. ಆರು ತಿಂಗಳು ಕಳೆದವು, ತಂತಿ ಬದಲಾಗುವ ದಿನಾಂಕ ಮುಂದಕ್ಕೆ ಹೋಯಿತು, ಪಟ್ಟಿಯೂ ಅದರೊಂದಿಗೆ ಮುಂದಕ್ಕೆ ಹೋಯಿತು, ನಡುವೆ ಪೂರ್ತಿ ಒಂದು ಮಳೆಗಾಲ ದಾಟಿತು. ನನ್ನ ಷರಾ ಮಾತ್ರ ಇದ್ದಲ್ಲೇ ಇತ್ತು. ಕಾರ್ಡ್ ನೋಡಿದವರೆಲ್ಲ ಅದನ್ನೇ ನಂಬಿ ಮುಂದೆ ಸಾಗಿದರು.

ಒಂದು ಮಧ್ಯಾಹ್ನ ನಮ್ಮ ಹಿರಿಯ ಫಿಟ್ಟರ್ ಪಿಟ್ಟಿನಲ್ಲಿ ಆ ಕೋಚಿನ ಕೆಳಗೆ ನಿಂತು, ಬ್ರೇಕಿನ ಕೆಲಸ ಮುಗಿಸಿ, ಸುಮ್ಮನೆ ಕೈಯಲ್ಲಿದ್ದ ಸ್ಕ್ರೂಡ್ರೈವರಿನಿಂದ ತಲೆಯ ಮೇಲಿನ ತಗಡನ್ನು ಚುಚ್ಚಿದರು. ಅದು ಎಳ್ಳಷ್ಟೂ ತಡೆಯಿಲ್ಲದೆ ಹಿಡಿಯವರೆಗೆ ಒಳಗೆ ಹೋಯಿತು. ಹಳೆಯ ಹಪ್ಪಳದ ಚೂರುಗಳಂತೆ ತುಕ್ಕಿನ ಪದರಗಳು ಅವರ ಮುಖದ ಮೇಲೆ ಉದುರಿದವು. ಹಾಸು ಎತ್ತಿಸಿದಾಗ ಹಲಗೆ ಚಹಾದಲ್ಲಿ ಅದ್ದಿದ ಟೋಸ್ಟಿನಂತಾಗಿತ್ತು, ಎರಡು ಅಡ್ಡತೊಲೆಗಳ ತುದಿಗಳು ಇರಲೇ ಇಲ್ಲ. ಅಂದು ಬೆಳಗಿನ ಜನಸಂದಣಿಯ ಹೊತ್ತಿನಲ್ಲಿ ಆ ರೇಕು ಎರಡು ಸುತ್ತು ಓಡಿ ಬಂದಿತ್ತು. ಆ ಫಿಟ್ಟರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕಾಕಾ ಜೋರುಮಾತಿನವರಲ್ಲ. ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, “ಸಾಹೇಬ್, ಇದರ ಮೇಲೆ ನಿಮ್ಮ ಸಹಿ ಇದೆ” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಆಮೇಲೆ ನಾನು ನನ್ನ ವಿಭಾಗದಲ್ಲಿ ಎರಡು ಬದಲಾವಣೆ ಮಾಡಿದೆ. ಒಂದು, ನಿವೃತ್ತಿ ಹತ್ತಿರವಿದೆ ಎಂಬುದನ್ನು ಕಾರಣವಾಗಿ ಬರೆಯುವಂತಿಲ್ಲ. ಕೆಲಸವನ್ನು ಮುಂದೂಡುವುದಾದರೆ ಯಾವ ತಾರೀಕಿನವರೆಗೆ, ಆ ದಿನ ಮತ್ತೆ ನೋಡುವವರು ಯಾರು ಎಂದು ಬರೆಯಬೇಕು, ಆ ತಾರೀಕು ಬಂದರೆ ಗಾಡಿ ಪಟ್ಟಿಯಲ್ಲಿರಲಿ ಬಿಡಲಿ ನೋಡಲೇಬೇಕು. ಗಾಡಿಯನ್ನು ಯಾವಾಗ ತೆಗೆಯಬೇಕೆಂದು ತೀರ್ಮಾನಿಸುವುದು ಶೆಡ್ ಅಲ್ಲವಾದ್ದರಿಂದ ಆ ದಿನಾಂಕವನ್ನು ನಂಬಿ ಶೆಡ್ ಲೆಕ್ಕ ಹಾಕುವುದೇ ತಪ್ಪು. ಇನ್ನೊಂದು, ಹೋಗುವ ಗಾಡಿಗೆ ಏನು ಮಾಡಬೇಕಿಲ್ಲ ಎಂಬುದನ್ನೂ ಮೊದಲೇ ನಿರ್ಧರಿಸಿದೆವು. ಸೀಟಿನ ಬಣ್ಣ, ಹೊರಮೈಯ ಗೀಚು, ಕಿಟಕಿಯ ಅಂದ ಇವು ಕಾಯಬಹುದು. ಬ್ರೇಕು, ಚಕ್ರ, ಅಲ್ಟ್ರಾಸಾನಿಕ್ ಪರೀಕ್ಷೆಗೆ ಬಂದ ಆಕ್ಸಲ್, ಬಾಗಿಲಲ್ಲಿ ಜನ ನಿಲ್ಲುವ ನೆಲ ಮತ್ತು ಹಿಡಿದುಕೊಳ್ಳುವ ಕಂಬ, ಇವು ಹೊಸ ಗಾಡಿಗೆ ಹೇಗೋ ಹಾಗೆಯೇ. ಫ್ಯಾನುಗಳ ಬಗ್ಗೆ ನಮ್ಮಲ್ಲಿ ಒಮ್ಮತ ಬರಲಿಲ್ಲ. ಫ್ಯಾನ್ ಸುರಕ್ಷತೆಯ ವಿಷಯವಲ್ಲ ನಿಜ, ಆದರೆ ಮೇ ತಿಂಗಳಲ್ಲಿ ಕಲ್ಯಾಣ್ ನಿಲ್ದಾಣದವರೆಗೆ ನಿಂತು ಹೋಗುವವರಿಗೆ ಇದನ್ನು ವಿವರಿಸಲು ನಾನು ಸಿದ್ಧನಿರಲಿಲ್ಲ.

ಬಿಡಿಭಾಗಗಳ ಕಷ್ಟ ಬೇರೆ. ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹಂತಹಂತವಾಗಿ ನಿಯಂತ್ರಿಸುವ ಕ್ಯಾಮ್‌ಶಾಫ್ಟ್ ಕಂಟ್ರೋಲರಿನ ಕಾಂಟ್ಯಾಕ್ಟ್‌ಗಳಂಥವು ಹೊಸದಾಗಿ ಸಿಗುವುದು ಕಡಿಮೆಯಾದಾಗ, ಕಂಡೆಮ್ ಆಗಿ ಮೂಲೆಯ ಲೈನಿನಲ್ಲಿ ನಿಂತ ಗಾಡಿಯಿಂದ ಬಿಚ್ಚಿ ಓಡುವ ಗಾಡಿಗೆ ಹಾಕುತ್ತಿದ್ದೆವು. ಇದರಲ್ಲಿ ತಪ್ಪೇನಿಲ್ಲ, ಆದರೆ ಬಿಚ್ಚಿದ ಭಾಗಕ್ಕೆ ಚೀಟಿ ಕಟ್ಟದಿದ್ದರೆ ಕೆಟ್ಟುಹೋದ ಭಾಗವೇ ಒಂದು ಗಾಡಿಯಿಂದ ಇನ್ನೊಂದಕ್ಕೆ ಸುತ್ತುತ್ತಿರುತ್ತದೆ. ಯಾವ ಕೋಚಿನಿಂದ ಬಂತು, ಅಲ್ಲಿ ಯಾಕೆ ಬಿಚ್ಚಿದ್ದು, ಈಗಿನ ಅಳತೆ ಎಷ್ಟು ಎಂದು ತಂತಿಯಲ್ಲಿ ಕಟ್ಟಿದ ತಗಡಿನ ಬಿಲ್ಲೆಯ ಮೇಲೆ ಕೊರೆಸುವ ಪದ್ಧತಿ ತಂದ ಮೇಲೆ ಸ್ಟೋರಿನ ಗುಮಾಸ್ತರು ಗೊಣಗಿದರು, ರಾತ್ರಿ ಪಾಳಿಯವರು ನೆಮ್ಮದಿಯಾದರು.

ಕೊನೆಗೆ ಗಾಡಿ ನಿಂತಾಗ ಸಮಿತಿ ಬಂದು ಪರೀಕ್ಷಿಸುತ್ತದೆ, ಮೈಮೇಲೆ ಬಿಳಿ ಬಣ್ಣದಲ್ಲಿ ಗುರುತು ಬೀಳುತ್ತದೆ, ಮತ್ತೆ ಬಳಸಬಹುದಾದ ಮೋಟಾರು, ಕಂಪ್ರೆಸರ್, ಚಕ್ರದ ಜೋಡಿಗಳನ್ನು ಇಳಿಸಿಕೊಂಡ ಮೇಲೆ ಉಳಿದ ಮೈ ಇ-ಹರಾಜಿಗೆ ಹೋಗುತ್ತದೆ. ಕೊಂಡವರ ಗ್ಯಾಸ್ ಕಟರಿನ ಮುಂದೆ ಒಂದು ಡಬ್ಬಿ ಹೆಚ್ಚು ದಿನ ನಿಲ್ಲುವುದಿಲ್ಲ. ಕಾಕಾ ಚುಚ್ಚಿದ ಆ ಕೋಚನ್ನು ಕತ್ತರಿಸುವಾಗ ನಾನು ಹೋಗಿ ನಿಂತಿದ್ದೆ. ರಿಪೇರಿಯಲ್ಲಿ ಹಾಕಿಸಿದ ಹೊಸ ಅಡ್ಡತೊಲೆಗಳು ಮಾತ್ರ ಕಟರಿಗೆ ಹೊತ್ತು ಹಿಡಿಸಿದವು. ಸವೆದು ಅಳತೆ ತಪ್ಪಿದ ಚಕ್ರಗಳ ದಾರಿ ಬೇರೆ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲು ಗಾಲಿ ಕಾರ್ಖಾನೆಯ ಕುಲುಮೆಗೆ ರೈಲ್ವೆಯ ಹಳೆಯ ಚಕ್ರಗಳೇ ಮುಖ್ಯ ಕಚ್ಚಾವಸ್ತು. ಹಾಗಾಗಿ ವ್ಯಾಗನ್ನಿಗೆ ಚಕ್ರಗಳನ್ನು ಹೇರುವ ದಿನ ಶೆಡ್‌ನ ಹುಡುಗರು ನನ್ನ ಕಡೆ ತಿರುಗಿ, “ಸಾಹೇಬ್, ನಿಮ್ಮ ಊರಿನ ಕಡೆ ಹೊರಟಿವೆ, ಏನಾದರೂ ಹೇಳಿ ಕಳಿಸಬೇಕೇ?” ಎಂದು ಕೇಳುತ್ತಿದ್ದರು.