ಮಳೆಗಾಲದ ಎರಡು ಹುಚ್ಚು

ಕಾರವಾರದಲ್ಲಿ ಆಷಾಢದ ಮಳೆ ಹಿಡಿದಿದೆ. ಬೈತಖೋಲ್ ಬಂದರಿನಲ್ಲಿ ದೋಣಿಗಳೆಲ್ಲ ಸುಮ್ನೆ ನಿಂತಿವೆ. ಕೆಲಸ ಮುಗಿದರೆ ನನಗೆ ಎರಡೇ ಹುಚ್ಚು: ಸೈನ್ಸ್ ಫಿಕ್ಷನ್ ಕಾದಂಬರಿ, ಆಟದ ಮೇಲಿನ ಕಾಮಿಡಿ ಸಿನಿಮಾ.

ಈಗ ಮತ್ತೆ ಓದುತ್ತಿರುವುದು ಫ್ರೆಂಚ್ ಲೇಖಕ ಜೂಲ್ ವರ್ನ್‌ನ ಜಲಾಂತರ್ಗಾಮಿ ಕಥೆ. 1870ರ ಹೊತ್ತಿನದು. ಅದರಲ್ಲಿ ನಾಟಿಲಸ್ ಎಂಬ ಜಲಾಂತರ್ಗಾಮಿ ಓಡುವುದು ಕರೆಂಟಿನಲ್ಲಿ. ಬ್ಯಾಟರಿಗೆ ಬೇಕಾದ ಸೋಡಿಯಂ ಸಮುದ್ರದ ಉಪ್ಪುನೀರಿನಿಂದಲೇ ತೆಗೆಯುತ್ತಾರೆ. ಮನೆಗಳಲ್ಲಿ ಬಲ್ಬ್ ಕೂಡ ಇರದ ಕಾಲದಲ್ಲಿ ಎಂಥ ಯೋಚನೆ! ಅದರ ಕ್ಯಾಪ್ಟನ್ ನೆಮೋ ಬುಂದೇಲಖಂಡದ ರಾಜಕುಮಾರ ಎಂದು ವರ್ನ್ ಮುಂದೆ ಇನ್ನೊಂದು ಕಾದಂಬರಿಯಲ್ಲಿ ಬರೆದ. ಬ್ರಿಟಿಷರ ಮೇಲಿನ ಸಿಟ್ಟು ಹೊತ್ತು ಕಡಲಡಿ ತಿರುಗಿದವನು ನಮ್ಮವನೇ ಅಲ್ವಾ! ಇದು ಗೊತ್ತಾದ ಮೇಲೆ ಆ ಪುಸ್ತಕ ಇನ್ನೂ ಜಾಸ್ತಿ ಹತ್ತಿರವಾಯಿತು.

ಸಿನಿಮಾ ಅಂದರೆ ‘ಕೂಲ್ ರನ್ನಿಂಗ್ಸ್’. ಹಿಮವೇ ಬೀಳದ ಜಮೈಕಾದ ಹುಡುಗರು 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ಗೆ ಬಾಬ್‌ಸ್ಲೆಡ್ (ಮಂಜುಗಡ್ಡೆಯ ಹಾದಿಯಲ್ಲಿ ಜಾರುವ ಗಾಡಿ) ಓಡಿಸಲು ಹೋದ ಕಥೆ. ಅವರು ಹೋಗಿದ್ದೂ ನಿಜ, ಗಾಡಿ ಮಗುಚಿದ್ದೂ ನಿಜ. ಸಿನಿಮಾದಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಗೆರೆ ದಾಟುತ್ತಾರೆ. ಅಷ್ಟೊತ್ತು ನಕ್ಕವರಿಗೆ ಅಲ್ಲಿ ಗಂಟಲು ಕಟ್ಟುತ್ತದೆ. ‘ಇದು ನಮ್ಮಂಥವರಿಗಲ್ಲ’ ಅನ್ನುವ ಮಾತನ್ನು ಕಿವಿಗೇ ಹಾಕಿಕೊಳ್ಳದವರು ಎಂದರೆ ನನಗೆ ಬಹಳ ಇಷ್ಟ.

ಭಾನುವಾರ ಅಣ್ಣನ ಮಕ್ಕಳಿಗೂ ತೋರಿಸಬೇಕು. ಇಂಥದ್ದೇ ಬೇರೆ ಸಿನಿಮಾ ಇದ್ದರೆ ಹೇಳಿ, ಮಳೆ ಇನ್ನೂ ಬಾಕಿ ಇದೆ.